ಕೇಳಿದವರು, ಹೇಳಿದವರು: ಗೋಷಾ ಆಸ್ಪತ್ರೆಯಿಂದ ತೊಡಗುವ ಒಂದು ಚರಿತ್ರೆ

ಚೆಪಾಕ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಕ್ರಿಕೆಟ್ ಮೈದಾನ. ಅದರಿಂದ ಅನತಿ ದೂರದಲ್ಲಿ, ತಿರುವಲ್ಲಿಕೇಣಿಯ ಅಂಚಿನಲ್ಲಿ, ಒಂದು ಸರ್ಕಾರಿ ಹೆರಿಗೆ ಆಸ್ಪತ್ರೆಯಿದೆ. ಫಲಕದ ಮೇಲಿರುವುದು ಕಸ್ತೂರಬಾ ಗಾಂಧಿಯವರ ಹೆಸರು. ಊರಿನ ಬಾಯಲ್ಲಿ ಅದು ಇನ್ನೂ ಗೋಷಾ ಆಸ್ಪತ್ರೆಯೇ. ಗೋಷಾ ಎಂಬುದು ಪಾರಸಿ ಮೂಲದ ಶಬ್ದ. ಮೂಲೆ, ಮರೆ ಎಂದು ಅದರ ಅರ್ಥ. ಪರದೆಯ ಹಿಂದಿನಿಂದ ಹೊರಬರಲಾರದ ಹೆಂಗಸರಿಗಾಗಿ, ಗಂಡಸು ವೈದ್ಯರ ಕೈಗೆ ನಾಡಿ ಕೊಡಲೂ ಒಪ್ಪದ ಮನೆತನಗಳಿಗಾಗಿ 1885ರಲ್ಲಿ ತೆರೆದ ಈ ಆಸ್ಪತ್ರೆಯ ಮೂಲ ಹೆಸರಿನಲ್ಲಿ 'ಜಾತಿಯ ಮತ್ತು ಗೋಷಾದ ಸ್ತ್ರೀಯರು' ಎಂಬ ಮಾತೇ ಸೇರಿತ್ತು. ಸ್ತ್ರೀಯರ ಆರೋಗ್ಯವನ್ನು ಕುರಿತ ಸಂಶೋಧನೆ, ಅದರ ಬೆನ್ನಿಗೆ ಬರುವ ಸಾಮಾಜಿಕ ನೀತಿ, ಇವೆರಡರ ಚರಿತ್ರೆಯನ್ನು ದಕ್ಷಿಣ ಭಾರತದಲ್ಲಿ ಎಲ್ಲಿಂದಾದರೂ ಆರಂಭಿಸಬೇಕೆಂದರೆ ನಾನು ಈ ಗೇಟಿನಿಂದ ಆರಂಭಿಸುತ್ತೇನೆ. ಅರ್ಧ ಶತಮಾನದ ಅವಧಿಯಲ್ಲಿ ಮೂವರು ಮಹಿಳೆಯರು ಇಲ್ಲಿ ಕೆಲಸ ಮಾಡಿ, ಮೂರು ಬಗೆಯ ಪ್ರಶ್ನೆಗಳನ್ನು ಕೇಳಿದರು.

ಮೊದಲನೆಯವರು ಮೇರಿ ಶಾರ್ಲೀಬ್. ಮದ್ರಾಸಿನಲ್ಲಿ ವಕೀಲರಾಗಿದ್ದ ಗಂಡನೊಡನೆ 1866ರಲ್ಲಿ ಬಂದ ಈ ಹೆಣ್ಣುಮಗಳು ಇಲ್ಲಿನ ಬಾಣಂತಿಯರ ಪಾಡನ್ನು ಕೇಳಿ ತಿಳಿದು, ಮೊದಲು ಸೂಲಗಿತ್ತಿಯ ತರಬೇತಿ ಪಡೆದರು. ಅದು ಸಾಲದೆನಿಸಿತು. ಆಗ ಸರ್ಜನ್ ಜನರಲ್ ಆಗಿದ್ದ ಎಡ್ವರ್ಡ್ ಬಾಲ್ಫರ್ ಅವರ ಬೆಂಬಲದಿಂದ 1875ರಲ್ಲಿ ಮದ್ರಾಸ್ ವೈದ್ಯಕೀಯ ಕಾಲೇಜು ನಾಲ್ವರು ಮಹಿಳೆಯರಿಗೆ ಬಾಗಿಲು ತೆರೆಯಿತು; ಶಾರ್ಲೀಬ್ ಅವರಲ್ಲೊಬ್ಬರು. ಬ್ರಿಟನ್ನಿನ ವಿಶ್ವವಿದ್ಯಾಲಯಗಳೇ ಹೆಣ್ಣಿಗೆ ವೈದ್ಯ ಪದವಿ ಕೊಡಲು ಹಿಂದೆಮುಂದೆ ನೋಡುತ್ತಿದ್ದ ಕಾಲವದು. ಮುಂದೆ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಯಲ್ಲಿ ಓದಿ, 1882ರಲ್ಲಿ ಪದವಿ ಪಡೆದು, ಮರುವರ್ಷ ಮದ್ರಾಸಿಗೆ ಮರಳಿದ ಅವರು ಗೋಷಾ ಆಸ್ಪತ್ರೆಯನ್ನು ಕಟ್ಟಿ ನಿಲ್ಲಿಸಿದರು. ಆರೋಗ್ಯ ಕೆಟ್ಟು 1887ರಲ್ಲಿ ಇಂಗ್ಲೆಂಡಿಗೆ ಹಿಂದಿರುಗಬೇಕಾಯಿತು. ಅವರು ಕೇಳಿದ್ದು ಸರಳವಾದ ಪ್ರಶ್ನೆ: ಈ ಹೆಂಗಸರು ಆಸ್ಪತ್ರೆಗೆ ಏಕೆ ಬರುವುದಿಲ್ಲ? ವೈದ್ಯೆಯೂ ದಾದಿಯೂ ಹೆಂಗಸರೇ ಆದಾಗ ಅವರು ಬಂದರು. ಬಂದಾಗಲೇ ರೋಗಗಳು ದಾಖಲಾಗತೊಡಗಿದ್ದು. ಎಣಿಕೆಗೆ ಸಿಗುವ ಮುನ್ನ ಹೆಣ್ಣು ಕಣ್ಣಿಗೆ ಸಿಗಬೇಕಿತ್ತು.

ಎರಡನೆಯವರ ಹೆಸರನ್ನು ಕೇಳಿದವರು ಕಡಿಮೆ. ಡಾ. ಓ'ಬ್ರಿಯನ್ ಬೀಡನ್ ಇದೇ ಆಸ್ಪತ್ರೆಯ ಮೇಲ್ವಿಚಾರಕಿ. 1928ರಲ್ಲಿ ಸರ್ಕಾರವು ಸರ್ ಮೋರೋಪಂತ ಜೋಶಿಯವರ ಅಧ್ಯಕ್ಷತೆಯಲ್ಲಿ ಸಮ್ಮತಿ ವಯಸ್ಸಿನ ಸಮಿತಿಯನ್ನು ನೇಮಿಸಿದಾಗ ಅದರಲ್ಲಿದ್ದ ಇಬ್ಬರು ಮಹಿಳೆಯರಲ್ಲಿ ಒಬ್ಬರು ಬೀಡನ್, ಇನ್ನೊಬ್ಬರು ರಾಮೇಶ್ವರಿ ನೆಹರೂ. ಸಮಿತಿ ದೇಶ ಸುತ್ತಿತು. ಸಾವಿರಾರು ಪ್ರಶ್ನಾವಳಿಗಳನ್ನು ಕಳುಹಿಸಿ, ನೂರಾರು ಸಾಕ್ಷಿಗಳನ್ನು ವಿಚಾರಿಸಿತು. ಎಳೆಯ ವಯಸ್ಸಿನ ದಾಂಪತ್ಯ, ಎಳೆಯ ಬಸಿರು, ಅದರಿಂದಾಗುವ ದೇಹಹಾನಿ, ಇವು ಅದುವರೆಗೆ ಶಾಸ್ತ್ರಾರ್ಥದ ವಿಷಯಗಳಾಗಿದ್ದವು. ಧರ್ಮಶಾಸ್ತ್ರದ ಯಾವ ವಚನ ಎಷ್ಟನೆಯ ವರ್ಷವನ್ನು ಹೇಳುತ್ತದೆ ಎಂಬ ವಾದದಲ್ಲೇ ದಶಕಗಳು ಕಳೆದಿದ್ದವು. ಜೋಶಿ ಸಮಿತಿಯ ಮುಂದೆ ಹೆರಿಗೆ ಕೋಣೆಯೂ ಸಾಕ್ಷಿ ನುಡಿಯಿತು. ಅಡಯಾರಿನಲ್ಲಿ 1917ರಲ್ಲಿ ಹುಟ್ಟಿದ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಹೊರಗಿನಿಂದ ಒತ್ತಡ ಹೇರುತ್ತಿದ್ದರೆ, ಮದ್ರಾಸ್ ಶಾಸನ ಪರಿಷತ್ತಿನ ಉಪಾಧ್ಯಕ್ಷೆಯಾಗಿದ್ದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಒಳಗಿನಿಂದ ಅದೇ ಮಾತನ್ನು ಹೇಳುತ್ತಿದ್ದರು. 1929ರಲ್ಲಿ ಸಾರದಾ ಕಾಯಿದೆ ಅಂಗೀಕಾರವಾಗಿ, ಹೆಣ್ಣಿಗೆ 14, ಗಂಡಿಗೆ 18 ಎಂದು ಮದುವೆಯ ಕನಿಷ್ಠ ವಯಸ್ಸು ನಿಗದಿಯಾಯಿತು. ಜಾರಿ ದುರ್ಬಲವಾಗಿತ್ತೆಂಬುದು ಬೇರೆ ಮಾತು. ಮೈಸೂರು ಸಂಸ್ಥಾನವು 1894ರಷ್ಟು ಹಿಂದೆಯೇ ಎಂಟು ವರ್ಷದೊಳಗಿನ ಬಾಲಕಿಯರ ಮದುವೆಯನ್ನು ನಿಷೇಧಿಸಿತ್ತೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಎಂಟು ಎಂಬ ಆ ಸಂಖ್ಯೆಯನ್ನು ಒಮ್ಮೆ ನಿಧಾನವಾಗಿ ಓದಿಕೊಂಡರೆ ಹೆಮ್ಮೆ ತುಸು ತಗ್ಗುತ್ತದೆ.

ಕನ್ನಡಿಗರಿಗೆ ಕುತೂಹಲವೆನಿಸುವ ಸಂಗತಿಯೊಂದನ್ನು ಇಲ್ಲಿಯೇ ಹೇಳಿಬಿಡಬೇಕು. ಜೋಶಿ ಸಮಿತಿಯ ಸದಸ್ಯರಲ್ಲಿ ಮದ್ರಾಸಿನ ಎ. ರಾಮಸ್ವಾಮಿ ಮೊದಲಿಯಾರರೂ ಇದ್ದರು. ಮುಂದೆ 1946ರಿಂದ 1949ರವರೆಗೆ ಮೈಸೂರಿನ ದಿವಾನರಾಗಿದ್ದವರು ಇವರೇ. ಇವರ ಅವಳಿ ಸಹೋದರ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರು ಪ್ರಸೂತಿತಜ್ಞರು. ಮದ್ರಾಸ್ ನಗರದಲ್ಲಿ ತಾಯಂದಿರ ಸಾವಿಗೆ ಕಾರಣಗಳೇನೆಂದು ತನಿಖೆ ಮಾಡಿ ಇವರು ಬರೆದ ವರದಿ 1933ರಲ್ಲಿ ಪ್ರಕಟವಾಯಿತು. ಅಣ್ಣತಮ್ಮಂದಿರಲ್ಲಿ ಒಬ್ಬರು ಹುಡುಗಿಯರ ಮದುವೆಯ ವಯಸ್ಸನ್ನೂ ಇನ್ನೊಬ್ಬರು ಬಾಣಂತಿಯರ ಸಾವನ್ನೂ ಕೆಲವೇ ವರ್ಷಗಳ ಅಂತರದಲ್ಲಿ ವಿಚಾರಿಸಿದರೆಂಬುದು ಕಾಕತಾಳೀಯವಿರಬಹುದು. ಆದರೆ ಆ ಎರಡು ಪ್ರಶ್ನೆಗಳೂ ಅವಳಿಗಳೇ. ಅಂದಿನ ಸ್ಥಿತಿಯ ಅಂದಾಜು ಬೇಕಿದ್ದರೆ 1946ರ ಭೋರ್ ಸಮಿತಿಯ ಲೆಕ್ಕವಿದೆ: ದೇಶದಲ್ಲಿ ಸಾವಿರ ಹೆರಿಗೆಗೆ ಸುಮಾರು 20 ತಾಯಂದಿರ ಸಾವು, ವರ್ಷಕ್ಕೆ ಎರಡು ಲಕ್ಷ.

ಮೂರನೆಯವರು ಲೂಸಿ ವಿಲ್ಸ್. ಶಾರ್ಲೀಬ್ ಓದಿದ ಲಂಡನ್ನಿನ ಶಾಲೆಯಲ್ಲಿಯೇ ಓದಿದವರು. ಬಸುರಿಯರನ್ನು ಕಾಡಿ ಕೊಲ್ಲುತ್ತಿದ್ದ ಒಂದು ಬಗೆಯ ತೀವ್ರ ರಕ್ತಹೀನತೆಯ ಕಾರಣ ಹುಡುಕಲು, ಡಾ. ಮಾರ್ಗರೆಟ್ ಬಾಲ್ಫರ್ ಅವರ ಕರೆಯ ಮೇರೆಗೆ 1928ರ ಕೊನೆಗೆ ಮುಂಬೈಗೆ ಬಂದರು. ಅಲ್ಲಿಂದ ಕೂನೂರಿಗೆ, 1931ರ ಆರಂಭದಲ್ಲಿ ನಮ್ಮ ಗೋಷಾ ಆಸ್ಪತ್ರೆಗೆ. ಮೊದಲಿಗೆ ಸೋಂಕು ಇರಬಹುದೇ ಎಂದು ಹುಡುಕಿದರು, ಸಿಗಲಿಲ್ಲ. ಆಮೇಲೆ ತಟ್ಟೆಯ ಕಡೆ ನೋಡಿದರು: ಈ ಹೆಂಗಸರು ಏನು ಉಣ್ಣುತ್ತಾರೆ, ಏನು ಉಣ್ಣುವುದಿಲ್ಲ? ಬಡಮನೆಗಳ ಊಟದಲ್ಲಿ ಹಾಲು, ಹಣ್ಣು, ಸೊಪ್ಪುಗಳ ಕೊರತೆ ಎದ್ದು ಕಂಡಿತು. ಬ್ರೆಡ್ಡಿಗೆ ಸವರಿ ತಿನ್ನುವ ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರವನ್ನು ಕೊಟ್ಟು ನೋಡಿದಾಗ ಸಾವಿನಂಚಿನಲ್ಲಿದ್ದವರು ಚೇತರಿಸಿಕೊಂಡರು. 1931ರಲ್ಲಿ ಪ್ರಬಂಧ ಹೊರಬಂತು. ಆ ಸಾರದಲ್ಲಿದ್ದ ಅಜ್ಞಾತ ವಸ್ತುವಿಗೆ 'ವಿಲ್ಸ್ ಅಂಶ' ಎಂದು ಹೆಸರಾಯಿತು. ಹತ್ತು ವರ್ಷಗಳ ಬಳಿಕ ಅದನ್ನು ಬೇರ್ಪಡಿಸಿ ಫೋಲಿಕ್ ಆಮ್ಲ ಎಂದು ಕರೆದರು. ಇಂದು ಜಗತ್ತಿನಾದ್ಯಂತ ಬಸುರಿಯರು ನುಂಗುವ ಆ ಪುಟ್ಟ ಮಾತ್ರೆಯ ವಂಶವೃಕ್ಷದಲ್ಲಿ ಮುಂಬೈಯ ಗಿರಣಿಗಳ ಹೆಂಗಸರೂ ತಿರುವಲ್ಲಿಕೇಣಿಯ ಗೋಷಾದ ಹೆಂಗಸರೂ ಇದ್ದಾರೆ.

ಅವರ ಹೆಸರುಗಳು ಮಾತ್ರ ವೃಕ್ಷದಲ್ಲಿಲ್ಲ. ಕೇಳಿದವರ ಹೆಸರು ಚರಿತ್ರೆಯಲ್ಲಿ ಉಳಿಯಿತು, ಹೇಳಿದವರು ಸಂಖ್ಯೆಗಳಾದರು. ರೋಗಿಯ ಗುಟ್ಟು ಕಾಯಲು ಹೆಸರು ಮರೆಸುವುದು ಇಂದಿಗೂ ಸರಿಯಾದ ಕ್ರಮವೇ. ನನ್ನ ತಕರಾರು ಬೇರೆ. ರಕ್ತ ಕೊಟ್ಟು, ಊಟದ ವಿವರ ಕೊಟ್ಟು, ಮೈಯನ್ನೇ ಪುರಾವೆಯಾಗಿ ಕೊಟ್ಟವರಿಗೆ ಅದರ ಫಲ ಯಾವಾಗ ಹಿಂತಿರುಗಿತು? ದೇಶದಲ್ಲಿ ಬಸುರಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಹಂಚುವ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1970ರಲ್ಲಿ, ಹೆಚ್ಚುಕಡಿಮೆ ನಲವತ್ತು ವರ್ಷಗಳ ಬಳಿಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ 15ರಿಂದ 49ರ ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ. ಇದರಲ್ಲಿ ಹೆಚ್ಚಿನ ಪಾಲು ಕಬ್ಬಿಣದ ಕೊರತೆಯದು, ವಿಲ್ಸ್ ಕಂಡ ಬಗೆಯದಲ್ಲ; ಆದರೂ ಪ್ರಶ್ನೆ ಅದೇ, ತಟ್ಟೆಯದು.

ಉತ್ತರ ಹಿಂತಿರುಗಿ ಬಂದ ಉದಾಹರಣೆಯೂ ಇದೇ ರಾಜ್ಯದಲ್ಲಿದೆ. 1994ರಿಂದ ತಮಿಳುನಾಡು ತಾಯಂದಿರ ಸಾವುಗಳ ಪರಿಶೀಲನೆಯನ್ನು ಆರಂಭಿಸಿತು. ಸಾವು ಸಂಭವಿಸಿದ 24 ಗಂಟೆಗಳೊಳಗೆ ವರದಿಯಾಗಬೇಕು. ಆಸ್ಪತ್ರೆಯ ದಾಖಲೆ ಒಂದು ಕಡೆ, ಮನೆಯವರ ಹೇಳಿಕೆ ಇನ್ನೊಂದು ಕಡೆ. ಸತ್ತವಳ ಅತ್ತೆಯನ್ನೋ ಗಂಡನನ್ನೋ ತಾಯಿಯನ್ನೋ ಕೂರಿಸಿಕೊಂಡು ಆ ಕೊನೆಯ ಗಂಟೆಗಳ ಕಥೆಯನ್ನು ಹಂತಹಂತವಾಗಿ ಕೇಳುವ ವಿಧಾನವಿದು. ನೋವು ಎಷ್ಟು ಹೊತ್ತಿಗೆ ಶುರುವಾಯಿತು? ಹೊರಡಬೇಕೆಂದು ಯಾರು ನಿರ್ಧರಿಸಿದರು? ಗಾಡಿ ಸಿಕ್ಕಿತೇ? ಮೊದಲ ಆಸ್ಪತ್ರೆಯಿಂದ ಏಕೆ ಕಳುಹಿಸಿದರು? ತಡ ಮನೆಯಲ್ಲಾಯಿತೇ, ದಾರಿಯಲ್ಲಾಯಿತೇ, ಆಸ್ಪತ್ರೆಯ ಬಾಗಿಲು ದಾಟಿದ ಮೇಲಾಯಿತೇ ಎಂಬುದು ಇದರಿಂದ ಹೊರಬೀಳುತ್ತದೆ. 2010ರಲ್ಲಿ ಇಡೀ ದೇಶಕ್ಕೆ ಇಂಥ ಪರಿಶೀಲನೆಯ ಮಾರ್ಗಸೂಚಿ ಬಂದಾಗ, ಜಿಲ್ಲಾಧಿಕಾರಿಯ ಸಭೆಗೆ ಮೃತರ ಬಂಧುಗಳನ್ನು ಕರೆಯಬೇಕೆಂಬ ಅಂಶವೂ ಅದರಲ್ಲಿ ಸೇರಿತು. ಸರ್ಕಾರಿ ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದ ನನಗೆ ಇದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ನಮ್ಮ ನಮೂನೆಗಳಲ್ಲಿ ಸಾಮಾನ್ಯವಾಗಿ ನೊಂದವರ ಮಾತಿಗೆ ಇರುವ ಜಾಗ 'ಷರಾ' ಎಂಬ ಕೊನೆಯ ಅಂಕಣ ಮಾತ್ರ, ಅದೂ ಎರಡು ಬೆರಳಗಲ.

ಹಗಲಿರುಳೂ ದಾದಿಯರಿರುವ ಪ್ರಾಥಮಿಕ ಆರೋಗ್ಯ ಕೇಂದ್ರಗಳು, ತುರ್ತು ಪ್ರಸೂತಿ ಕೇಂದ್ರಗಳು, ರಕ್ತದ ಲಭ್ಯತೆ, 2008ರಿಂದ 108 ಆಂಬುಲೆನ್ಸ್, ಇವೆಲ್ಲ ಒಂದೊಂದಾಗಿ ಬಂದವು. 2001-03ರಲ್ಲಿ ಲಕ್ಷ ಜನನಕ್ಕೆ 134 ಇದ್ದ ತಮಿಳುನಾಡಿನ ತಾಯಂದಿರ ಸಾವಿನ ಪ್ರಮಾಣ 2018-20ಕ್ಕೆ 54ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಕರ್ನಾಟಕ 228ರಿಂದ 69ಕ್ಕೆ ಬಂದಿದೆ. ಇಳಿತದ ವೇಗದಲ್ಲಿ ನಮ್ಮ ನಾಡು ಹಿಂದೆ ಬಿದ್ದಿಲ್ಲ, ಹೊರಟದ್ದು ಮಾತ್ರ ಹೆಚ್ಚು ದೂರದಿಂದ. ಇಳಿಕೆಯ ಪೂರ್ತಿ ಶ್ರೇಯಸ್ಸು ಪರಿಶೀಲನೆಯೊಂದಕ್ಕೇ ಸಲ್ಲದು. ಓದು, ಮದುವೆಯ ವಯಸ್ಸು, ರಸ್ತೆ ಎಲ್ಲವೂ ಸೇರಿವೆ. ಆದರೆ ಎಲ್ಲಿ ಖರ್ಚು ಮಾಡಬೇಕೆಂದು ತೋರಿಸಿದ ಬೆರಳು ಆ ಮನೆಗಳದು.

ಇಂಥ ಕೆಲಸದಲ್ಲಿ ವೈದ್ಯರಲ್ಲದವರಿಗೆ ಪಾಲಿದೆಯೇ ಎಂದು ನಮ್ಮ ಬಳಗದಂಥ ಸಾಹಿತ್ಯಾಸಕ್ತರು ಕೇಳಬಹುದು. ಇದೆ, ಅದೂ ನಿಯಮದಲ್ಲಿಯೇ ಬರೆದಿಟ್ಟಂತೆ. ಮನುಷ್ಯರ ಮೇಲೆ ನಡೆಯುವ ಪ್ರತಿ ವೈದ್ಯಕೀಯ ಸಂಶೋಧನೆಯನ್ನು ನೀತಿ ಸಮಿತಿಯೊಂದು ಪರಿಶೀಲಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಆ ಸಮಿತಿಯಲ್ಲಿ ವೈದ್ಯರ ಜೊತೆಗೆ ಕಾನೂನು ಬಲ್ಲವರು, ಸಮಾಜವಿಜ್ಞಾನಿಗಳು ಅಲ್ಲದೆ ಜನಸಾಮಾನ್ಯರ ಪ್ರತಿನಿಧಿಯೂ ಇರಬೇಕು. ಓದುಬರಹ ಬಲ್ಲ, ಸ್ಥಳೀಯ ಭಾಷೆಯನ್ನೂ ರೀತಿನೀತಿಗಳನ್ನೂ ಅರಿತ, ವೈದ್ಯಕೀಯ ವೃತ್ತಿಯವರಲ್ಲದ ವ್ಯಕ್ತಿ ಅವರು. ಒಪ್ಪಿಗೆ ಪತ್ರ ಭಾಗವಹಿಸುವವರಿಗೆ ತಿಳಿಯುವ ಭಾಷೆಯಲ್ಲಿದೆಯೇ ಎಂದು ನೋಡುವುದು ಅವರ ಮುಖ್ಯ ಕೆಲಸಗಳಲ್ಲೊಂದು. ವೈದ್ಯಕೀಯ ಸಂಸ್ಥೆಗಳು ಕಿಕ್ಕಿರಿದಿರುವ ಚೆನ್ನೈಯಂಥ ಊರಿನಲ್ಲಿ ಇಂಥ ಸಮಿತಿಗಳು ಹಲವಾರಿವೆ. ಒಂದು ವಾಕ್ಯದ ಅರ್ಥ ಓದುವವರಿಗೆ ದಕ್ಕುತ್ತದೋ ಇಲ್ಲವೋ ಎಂದು ಗುರುತಿಸುವುದನ್ನು ಸಾಹಿತ್ಯದ ವಿದ್ಯಾರ್ಥಿಗಿಂತ ಚೆನ್ನಾಗಿ ಯಾರು ಮಾಡಿಯಾರು?

ಭಾಷೆಯ ಸಮಸ್ಯೆ ಇಲ್ಲಿ ಅಲಂಕಾರದ ಮಾತಲ್ಲ. ತಮಿಳುನಾಡಿನ ಸಮೀಕ್ಷೆಗಳ ಪ್ರಶ್ನೆಗಳು ಸಹಜವಾಗಿಯೇ ತಮಿಳಿನಲ್ಲಿರುತ್ತವೆ. ಈರೋಡು ಜಿಲ್ಲೆಯ ತಾಳವಾಡಿಯಲ್ಲಿ, ಕೃಷ್ಣಗಿರಿ ಜಿಲ್ಲೆಯ ಹೊಸೂರು, ಡೆಂಕಣಿಕೋಟೆಗಳ ಸುತ್ತ ಮನೆಮಾತು ಕನ್ನಡವಾದ ಹೆಂಗಸರಿದ್ದಾರೆ. ಸಂತೆಗೆ ಸಾಕಾಗುವ ತಮಿಳು ಮೈಯೊಳಗಿನ ನೋವನ್ನು ಹೇಳಲು ಸಾಕಾಗುವುದಿಲ್ಲ. ಕನ್ನಡಕ್ಕೆ ತಂದರೂ ತೊಡಕು ಮುಗಿಯದು. 'ಶ್ವೇತಪ್ರದರ' ಎಂದು ಅಚ್ಚಾದ ನಮೂನೆಯನ್ನು ಓದಿ ಹೇಳಿದರೆ ನಮ್ಮ ಹಳ್ಳಿಯ ಹೆಂಗಸು ಮುಖ ನೋಡುತ್ತಾಳೆ. ಬಿಳಿ ಹೋಗುತ್ತದೆಯೇ ಎಂದು ಇನ್ನೊಬ್ಬ ಹೆಂಗಸು ದನಿ ತಗ್ಗಿಸಿ ಕೇಳಿದರೆ ಉತ್ತರ ಬರುತ್ತದೆ. ರಕ್ತಹೀನತೆ ಇದೆಯೇ ಎಂದರೆ ಇಲ್ಲವೆಂದೇ ಹೇಳುತ್ತಾಳೆ. ನೀರಿನ ಕೊಡ ಹೊತ್ತು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇನಕ್ಕ ಎಂದು ಕೇಳಿ ನೋಡಿ: ಅದು ಎಲ್ಲರಿಗೂ ಬರುವುದಲ್ಲವೇ ಎಂದಾಳು.