ಪಹಣಿ ನಮ್ಮದು, ಅದನ್ನಿಟ್ಟ ಪೆಟ್ಟಿಗೆ ಯಾರದು?

ನಂದಗುಡಿ ನಾಡಕಚೇರಿ ಮುಂದೆ ಪಹಣಿಗೆ ನಿಂತವರೆಲ್ಲ ಒಂದು ಮಾತು ಕೇಳಿಯೇ ಇರುತ್ತೀರಿ: ‘ಸರ್ವರ್ ಇಲ್ಲ, ನಾಳೆ ಬನ್ನಿ.’ ಆ ಸರ್ವರ್ ಹಿಂದಿನ ಕಥೆಯನ್ನು ಈ ಸಲ ನಾವು ಸ್ವಲ್ಪ ಕೆದಕಿದ್ದೇವೆ.

ಮೊದಲು ಪಹಣಿ ಗ್ರಾಮಲೆಕ್ಕಿಗರ ಕೈಬರಹದಲ್ಲಿತ್ತು. ‘ಭೂಮಿ’ ಯೋಜನೆ ಬಂದು, 2002ರ ಹೊತ್ತಿಗೆ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಆಗ ಪ್ರತಿಗೆ 15 ರೂಪಾಯಿ ಇತ್ತು. ಕೈಬರಹದ ಪಹಣಿಗೆ ಬೆಲೆ ಹೋಯಿತು. ಪ್ರೋಗ್ರಾಂ ಬರೆದದ್ದು ಕೇಂದ್ರ ಸರ್ಕಾರದ ಎನ್‌ಐಸಿ. ಆದರೆ ಮಾಹಿತಿ ತುಂಬಿಟ್ಟ ಪೆಟ್ಟಿಗೆ, ಅಂದರೆ ಡೇಟಾಬೇಸ್, ಮೈಕ್ರೋಸಾಫ್ಟ್ ಕಂಪನಿಯ ಎಸ್‌ಕ್ಯೂಎಲ್ ಸರ್ವರ್.

ಇಂಥ ಪೆಟ್ಟಿಗೆಯನ್ನು ಕಂಪನಿ ಮಾರುವುದಿಲ್ಲ, ಬಳಸಲು ಅನುಮತಿ ಕೊಡುತ್ತದೆ. ಅದೇ ಲೈಸೆನ್ಸ್. ಲೆಕ್ಕ ಹಾಕುವ ರೀತಿ ಮಾತ್ರ ಬದಲಾಗುತ್ತಲೇ ಬಂತು. ಶುರುವಿನಲ್ಲಿ ಸರ್ವರ್‌ಗೊಂದು, ಬಳಸುವ ಒಬ್ಬೊಬ್ಬರಿಗೂ ಒಂದು ಲೈಸೆನ್ಸ್. 2000ದ ಆವೃತ್ತಿಯಲ್ಲಿ ಪ್ರೊಸೆಸರ್ ಲೆಕ್ಕವೂ ಬಂತು. 2012ರಲ್ಲಿ ಪ್ರೊಸೆಸರ್ ಒಳಗಿನ ‘ಕೋರ್’ ಲೆಕ್ಕ. ಪಂಪ್‌ಸೆಟ್ಟಿಗೆ ಎಚ್‌ಪಿ ಲೆಕ್ಕ ಇದ್ದಂತೆ ಅನ್ನಿ. ತಲೆ ಲೆಕ್ಕದಲ್ಲಿ ಇನ್ನೊಂದು ಗಂಟಿದೆ. ನಡುವೆ ಒಂದು ತೊಟ್ಟಿ ಕಟ್ಟಿ ‘ಪಂಪಿಗೆ ಪೈಪು ಒಂದೇ ಸ್ವಾಮಿ’ ಎಂದರೆ ಕಂಪನಿ ಒಪ್ಪುವುದಿಲ್ಲ, ತೊಟ್ಟಿಯ ಆಚೆ ನೀರು ಹಿಡಿಯುವವರನ್ನೂ ಎಣಿಸುತ್ತದೆ.

ಎಣಿಸಲು ಬರುವುದೇ ಆಡಿಟ್. ಒರಾಕಲ್ ಕಂಪನಿಯ ಒಪ್ಪಂದದಲ್ಲಿ, 45 ದಿನ ಮೊದಲು ನೋಟಿಸ್ ಕೊಟ್ಟು ಪರಿಶೀಲಿಸುವ ಹಕ್ಕು ಬರೆದಿರುತ್ತದೆ. 2015ರಲ್ಲಿ ಅಮೆರಿಕದ ಚಾಕೊಲೇಟ್ ಕಂಪನಿ ಮಾರ್ಸ್ ಇದೇ ಜಗಳಕ್ಕೆ ಕೋರ್ಟ್ ಹತ್ತಿತು. ತಾನು 2,33,089 ಪುಟ ದಾಖಲೆ ಕೊಟ್ಟರೂ ಸಾಲಲಿಲ್ಲ ಎಂಬುದು ಅದರ ದೂರು. ಒರಾಕಲ್ ವಾದವನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಪಂಪ್ ಇಳಿಸಿದ ಬೋರ್‌ವೆಲ್‌ಗಷ್ಟೇ ಅಲ್ಲ, ಇಳಿಸಬಹುದಾದ ಬೋರ್‌ವೆಲ್‌ಗಳಿಗೂ ದುಡ್ಡು ಕೊಡಿ! ಕೊನೆಗೆ ಇಬ್ಬರೂ ಕೋರ್ಟಿನ ಹೊರಗೆ ರಾಜಿಯಾದರು. ಮಾರ್ಸ್‌ಗೆ ವಕೀಲರಿದ್ದರು.

ನಮ್ಮ ಸಂಘಗಳಿಗೆ ಯಾರಿದ್ದಾರೆ? ತಾಲ್ಲೂಕಿನ ಒಂದು ಸಹಕಾರ ಸಂಘದ ಫೈಲ್ ನೋಡಿದೆವು. ಕಂಪ್ಯೂಟರ್, ಪ್ರಿಂಟರ್, ಯುಪಿಎಸ್, ಕೊನೆಗೆ ಕುರ್ಚಿಗೂ ಬಿಲ್ ಇತ್ತು. ಸಾಫ್ಟ್‌ವೇರ್‌ಗೆ ಇರಲಿಲ್ಲ. ‘ಯಾರೋ ಹುಡುಗ ಬಂದು ಹಾಕಿಕೊಟ್ಟ’ ಎಂದರು. ತಪ್ಪು ಮಾಡುತ್ತಿದ್ದೇವೆಂಬ ಅಳುಕೇ ಅಲ್ಲಿ ಕಾಣಲಿಲ್ಲ. ಕಾಯ್ದೆ ಏನೆನ್ನುತ್ತದೆ? ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ, ಕಳ್ಳಪ್ರತಿ ಎಂದು ಗೊತ್ತಿದ್ದೂ ಬಳಸಿದರೆ 7 ದಿನದಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ. ಲಾಭಕ್ಕಲ್ಲದಿದ್ದರೆ ಕೋರ್ಟ್ ಜೈಲು ಬಿಟ್ಟು ದಂಡವಷ್ಟೇ ಹಾಕಬಹುದು.

ಬೇರೆ ದಾರಿ ಇಲ್ಲವೆಂದೇನಲ್ಲ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿಗೆ ಲೈಸೆನ್ಸ್ ಶುಲ್ಕವೇ ಇಲ್ಲ. ಇಂಥ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಎಂದು 2015ರಲ್ಲೇ ಕೇಂದ್ರ ನೀತಿ ತಂದಿದೆ. ಆದರೆ ಅದನ್ನು ನೋಡಿಕೊಳ್ಳಲು ಬಲ್ಲವರು ಬೇಕು, ಅವರಿಗೆ ಸಂಬಳ ಬೇಕು. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿ ಒಪ್ಪಿತು, ಸಾಮಾನ್ಯ ಸಾಫ್ಟ್‌ವೇರ್ ಸಮೇತ. ಒಂಟಿ ಸಂಘದ ತಲೆನೋವು ಅದರಿಂದ ತಗ್ಗಬಹುದು. ಆದರೆ ಹಳೇ ಸಾಲದ ಲೆಕ್ಕ ಇರುವುದು ಆ ಹುಡುಗ ಹಾಕಿಕೊಟ್ಟ ಕಂಪ್ಯೂಟರಿನಲ್ಲೇ. ಮುಂದಿನ ಮಹಾಸಭೆಯಲ್ಲಿ ಕುರ್ಚಿ ಬಿಲ್ ಜೊತೆ ಆ ಬಿಲ್ಲನ್ನೂ ಕೇಳಿ ನೋಡಿ.