ಹೊಗೆಯೂರಿನ ವೈದ್ಯ ಸಾಕಿದ ಹಸಿರು

ನಥಾನಿಯಲ್ ಬ್ಯಾಗ್‌ಶಾ ವಾರ್ಡ್ 1791ರಲ್ಲಿ ಹುಟ್ಟಿದ ವೈದ್ಯ. ಲಂಡನ್ನಿನ ಪೂರ್ವಭಾಗದಲ್ಲಿ, ಥೇಮ್ಸ್ ನದಿಯ ಹಡಗುಕಟ್ಟೆಗಳಿಗೆ ಹತ್ತಿರವಿದ್ದ ವೆಲ್‌ಕ್ಲೋಸ್ ಸ್ಕ್ವೇರ್‌ನಲ್ಲಿ ಆತನ ಮನೆ. ಸುತ್ತಲೂ ನಾವಿಕರು, ಕೂಲಿಗಳು, ಕಾರ್ಖಾನೆಯ ಕೆಲಸಗಾರರು. ಅವರ ಕೆಮ್ಮು, ಜ್ವರ, ಗಾಯಗಳಿಗೆ ಮದ್ದು ಕೊಡುವುದೇ ದಿನದ ಕೆಲಸ. ಹದಿಮೂರನೆಯ ವಯಸ್ಸಿನಲ್ಲಿ ಜಮೈಕಾಕ್ಕೆ ಹಡಗಿನಲ್ಲಿ ಹೋಗಿಬಂದಿದ್ದ ವಾರ್ಡ್‌ಗೆ ಅಲ್ಲಿ ಕಂಡ ತಾಳೆಮರಗಳೂ ಜರಿಗಿಡಗಳೂ ಮನಸ್ಸಿನಿಂದ ಮಾಸಿರಲೇ ಇಲ್ಲ. ಗಿಡಗಳನ್ನು ಹುಡುಕುವ, ಒಣಗಿಸಿ ಇಡುವ, ಬೆಳೆಸುವ ಆಸೆ ಜೀವಮಾನವಿಡೀ ಉಳಿಯಿತು.

ನಾನು ತೀರ್ಥಹಳ್ಳಿ ಕಡೆಯವಳು. ನಮ್ಮ ಮನೆಯ ಅಂಗಳದಾಚೆಯ ಧರೆಯಲ್ಲಿ, ಬಾವಿಯ ಒಳಗೋಡೆಯಲ್ಲಿ, ತೋಟದ ಕಾಲುವೆಗಳ ಅಂಚಿನಲ್ಲಿ ಜರಿಗಿಡ ತಾನಾಗಿ ಹುಟ್ಟುತ್ತಿತ್ತು. ಅದನ್ನು ಯಾರೂ ನೆಟ್ಟವರಲ್ಲ, ನೀರೆರೆದವರಲ್ಲ. ಬೆಂಗಳೂರಿಗೆ ಬಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡತೊಡಗಿದ ಮೇಲೆ ವಾರ್ಡ್‌ನ ಕಥೆ ಓದಿದೆ. ಆತನ ಹಂಬಲ ನನಗೆ ಕೂಡಲೇ ಅರ್ಥವಾಯಿತು.

ಮನೆಯ ಹಿತ್ತಲಲ್ಲಿ ಆತ ಕಲ್ಲುಗಳನ್ನು ಒಟ್ಟಿ ಗುಡ್ಡೆ ಮಾಡಿದ. ಅದರ ಮೇಲೆ ತೂತು ಕೊರೆದ ಕೊಳವೆ ಇಟ್ಟು ನೀರು ಸದಾ ತೊಟ್ಟಿಕ್ಕುವ ಹಾಗೆ ಮಾಡಿ ಜರಿಗಿಡ, ಹಾವಸೆಗಳನ್ನು ನೆಟ್ಟ. ಒಂದೂ ಉಳಿಯಲಿಲ್ಲ. ಸುತ್ತಲಿನ ಕಾರ್ಖಾನೆಗಳ ಕಲ್ಲಿದ್ದಲ ಹೊಗೆ, ಮಸಿ ಅವುಗಳನ್ನು ಕೊಂದವು. ಎಲೆಯ ಮೇಲೆ ಮಸಿ ಕೂತರೆ ಬೆಳಕು ತಪ್ಪುತ್ತದೆ, ಹೊಗೆಯಲ್ಲಿನ ಗಂಧಕದ ಅನಿಲ ಎಲೆಯನ್ನೇ ಸುಡುತ್ತದೆ. ಆತ ಗಿಡದ ಆಸೆಯನ್ನೇ ಬಿಡುವ ಹಂತಕ್ಕೆ ಬಂದಿದ್ದ.

1829ರಲ್ಲಿ ಬೇರೆ ಯಾವುದೋ ಕುತೂಹಲಕ್ಕೆ, ಒಂದು ಪತಂಗದ ಕೋಶವನ್ನು ಒದ್ದೆ ಮಣ್ಣಿನಲ್ಲಿ ಹುದುಗಿಸಿ, ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿಟ್ಟು ಮುಚ್ಚಳ ಹಾಕಿದ. ಪತಂಗ ಹೊರಬರುವುದನ್ನು ನೋಡುವುದಷ್ಟೇ ಉದ್ದೇಶ. ದಿನವೂ ಗಮನಿಸುತ್ತ ಹೋದಾಗ ಕಂಡದ್ದು ಬೇರೆ: ಹಗಲಿನ ಬಿಸಿಲಿಗೆ ಮಣ್ಣಿನ ತೇವ ಮೇಲೇರಿ ಗಾಜಿನ ಒಳಮೈಯಲ್ಲಿ ಹನಿಗಟ್ಟುತ್ತಿತ್ತು, ಅದೇ ಹನಿ ಇಳಿದು ಮತ್ತೆ ಮಣ್ಣು ಸೇರುತ್ತಿತ್ತು. ಪತಂಗ ಹೊರಬರುವ ದಿನಕ್ಕೆ ಇನ್ನೂ ಒಂದು ವಾರವಿರುವಾಗ ಆ ಮಣ್ಣಿನಲ್ಲಿ ಒಂದು ಜರಿಗಿಡವೂ ಒಂದು ಹುಲ್ಲೂ ತಲೆಯೆತ್ತಿದವು. ಹಿತ್ತಲಲ್ಲಿ ಅಷ್ಟು ಶ್ರಮಪಟ್ಟರೂ ಬದುಕದ ಗಿಡ ಮುಚ್ಚಿದ ಬಾಟಲಿಯಲ್ಲಿ ಯಾರೂ ಬಿತ್ತದೆ ಹುಟ್ಟಿತ್ತು. ಆತ ಬಾಟಲಿಯನ್ನು ತನ್ನ ಓದಿನ ಕೋಣೆಯ ಕಿಟಕಿಯ ಹೊರಗಿಟ್ಟ. ಒಂದು ತೊಟ್ಟು ನೀರು ಹಾಕದೆ ಸುಮಾರು ನಾಲ್ಕು ವರ್ಷ ಅವು ಬದುಕಿದವು. ಕೊನೆಗೆ ಆತ ಊರಲ್ಲಿಲ್ಲದ ಹೊತ್ತಿನಲ್ಲಿ ಮುಚ್ಚಳ ತುಕ್ಕು ಹಿಡಿದು, ಮಳೆನೀರು ಒಳನುಗ್ಗಿ ಸತ್ತವು.

ಈ ಪಾಠಕ್ಕೆ ನಾನು ತರಗತಿಗೆ ಒಯ್ಯುತ್ತಿದ್ದದ್ದು ಹಾರ್ಲಿಕ್ಸ್ ಬಾಟಲಿ. ತಳದಲ್ಲಿ ಬೆರಳಷ್ಟು ಎತ್ತರಕ್ಕೆ ಸಣ್ಣ ಕಲ್ಲು, ಅದರ ಮೇಲೆ ಇದ್ದಿಲ ಚೂರು, ಮೇಲೆ ಎಲೆಗೊಬ್ಬರ ಬೆರೆಸಿದ ಸಡಿಲ ಮಣ್ಣು. ಒಂದು ಪುಟ್ಟ ಜರಿಗಿಡ, ಅಂಗೈಯಗಲ ಹಾವಸೆ, ನಾಲ್ಕಾರು ಚಮಚ ನೀರು. ಮುಚ್ಚಳ ಬಿಗಿದು ನೇರ ಬಿಸಿಲು ಬೀಳದ ಕಿಟಕಿಯಲ್ಲಿಟ್ಟರೆ ಮುಗಿಯಿತು. ಬೆಳಗ್ಗೆ ಗಾಜು ಮಂಜು ಹಿಡಿದಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ತಿಳಿಯಾಗುತ್ತದೆ. ದಿನವಿಡೀ ಮಂಜಾಗಿಯೇ ಇದ್ದರೆ ನೀರು ಹೆಚ್ಚಾಗಿದೆಯೆಂದು ತಿಳಿದು ಸ್ವಲ್ಪ ಹೊತ್ತು ಮುಚ್ಚಳ ತೆಗೆದಿಡಬೇಕು. ಪರೀಕ್ಷೆಯ ದಿನಗಳಲ್ಲಿ ಪ್ರಯೋಗಾಲಯದ ಆ ಕಿಟಕಿಯ ಹತ್ತಿರ ಹುಡುಗಿಯರು ಸುಮ್ಮನೆ ನಿಂತು ನೋಡುತ್ತಿದ್ದರು. ಯಾರೂ ನಿಲ್ಲಿ ಎಂದು ಹೇಳಿರಲಿಲ್ಲ.

ವಾರ್ಡ್ ಅಲ್ಲಿಗೇ ನಿಲ್ಲಲಿಲ್ಲ. ಗಾಜಿನ ಪೆಟ್ಟಿಗೆಗಳನ್ನು ಮಾಡಿಸಿ ಗಿಡದ ಮೇಲೆ ಗಿಡ ಪರೀಕ್ಷಿಸಿದ. ಐರ್ಲೆಂಡಿನ ಕಿಲಾರ್ನಿ ಜರಿಗಿಡವೂ ಅವುಗಳಲ್ಲಿ ಒಂದು. ಅದರ ಎಲೆ ನರಗಳ ನಡುವೆ ಒಂದೇ ಜೀವಕೋಶದಷ್ಟು ತೆಳು, ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೆ. ಗಾಳಿ ಒಂಚೂರು ಒಣಗಿದರೂ ಮುದುಡುತ್ತದೆ. ಅದರ ಬಳಗದವು ನಮ್ಮ ಪಶ್ಚಿಮಘಟ್ಟದ ನೀರು ಜಿನುಗುವ ಬಂಡೆಗಳಿಗೂ ಅಂಟಿಕೊಂಡಿರುತ್ತವೆ. ಅಷ್ಟು ನಾಜೂಕಿನ ಗಿಡ ಲಂಡನ್ನಿನ ಹೊಗೆಯ ನಡುವೆ ಆತನ ಗಾಜಿನೊಳಗೆ ಚಿಗುರಿತು.

ಆಗ ಸಮುದ್ರದಾಚೆಯಿಂದ ಜೀವಂತ ಗಿಡ ತರುವುದು ದುಸ್ತರವಾಗಿತ್ತು. ಉಪ್ಪುಗಾಳಿ, ಸಿಹಿನೀರಿನ ಕೊರತೆ, ಬಿಸಿಲು, ಚಳಿ. ಚೀನಾದಿಂದ ಇಂಗ್ಲೆಂಡಿಗೆ ಹೊರಟ ಸಾವಿರ ಗಿಡಗಳಲ್ಲಿ ಒಂದು ಉಳಿದೀತು ಎಂದು ಮಕಾವ್‌ನಲ್ಲಿದ್ದ ಜಾನ್ ಲಿವಿಂಗ್‌ಸ್ಟನ್ ಎಂಬ ವೈದ್ಯ 1819ರಲ್ಲಿ ಲೆಕ್ಕ ಹಾಕಿದ್ದ. ವಾರ್ಡ್ 1833ರಲ್ಲಿ ಎರಡು ಪೆಟ್ಟಿಗೆಗಳಲ್ಲಿ ಜರಿಗಿಡ, ಹಾವಸೆ, ಹುಲ್ಲುಗಳನ್ನು ತುಂಬಿ ಆಸ್ಟ್ರೇಲಿಯಾದತ್ತ ಕಳಿಸಿದ. ತಿಂಗಳುಗಟ್ಟಲೆ ಪಯಣಿಸಿ ಗಿಡಗಳು ಚೆನ್ನಾಗಿಯೇ ತಲುಪಿದವು. 1834ರ ಫೆಬ್ರವರಿಯಲ್ಲಿ ಸಿಡ್ನಿಯಲ್ಲಿ ಅವೇ ಪೆಟ್ಟಿಗೆಗಳಿಗೆ ಅಲ್ಲಿನ ಗಿಡಗಳನ್ನು ತುಂಬಿ ವಾಪಸು ಕಳಿಸಲಾಯಿತು. ದಾರಿಯಲ್ಲಿ ಕೇಪ್ ಹಾರ್ನ್ ಬಳಿ ಡೆಕ್ಕಿನ ಮೇಲೆ ಹಿಮ ಬಿತ್ತು; ಸಮಭಾಜಕ ದಾಟುವಾಗ ಬಿಸಿಲು ಸುಟ್ಟಿತು. ಒಮ್ಮೆಯೂ ನೀರು ಹಾಕದಿದ್ದರೂ ಗಿಡಗಳು ಹಸಿರಾಗಿಯೇ ಲಂಡನ್ ಮುಟ್ಟಿದವು.

ಅಲ್ಲಿಂದ ಮುಂದೆ ಆ ಪೆಟ್ಟಿಗೆ ಸಾಮ್ರಾಜ್ಯದ ಕೈಗೆ ಸೇರಿತು. ರಾಬರ್ಟ್ ಫಾರ್ಚ್ಯೂನ್ ಚೀನಾದ ಚಹಾ ಸಸಿಗಳನ್ನು ಅದರಲ್ಲೇ ಹಿಮಾಲಯದ ತಪ್ಪಲಿಗೆ ಸಾಗಿಸಿದ. 1876ರಲ್ಲಿ ಬ್ರೆಜಿಲ್ಲಿನ ಬೀಜದಿಂದ ಲಂಡನ್ನಿನ ಕ್ಯೂ ತೋಟದಲ್ಲಿ ಎಬ್ಬಿಸಿದ ರಬ್ಬರ್ ಸಸಿಗಳು ಅದರಲ್ಲೇ ಸಿಂಹಳಕ್ಕೆ ಹೋದವು. ಆಂಡಿಸ್ ಪರ್ವತದ ಸಿಂಕೋನಾ 1861ರಲ್ಲಿ ಅದರಲ್ಲೇ ಉದಕಮಂಡಲಕ್ಕೆ ಬಂತು. ಸಿಂಕೋನಾದ ತೊಗಟೆಯಿಂದಲೇ ಕ್ವಿನೈನ್ ತೆಗೆಯುವುದು. ಚಳಿಜ್ವರ ಮನೆಮನೆಯನ್ನು ಖಾಲಿ ಮಾಡುತ್ತಿದ್ದ ಮಲೆನಾಡಿನಲ್ಲಿ ನಮ್ಮ ಅಜ್ಜಿಯ ಕಾಲದವರಿಗೆ ಆ ಕಹಿ ಗುಳಿಗೆ ಜೀವ ಉಳಿಸುವ ಮದ್ದು. ಅದರ ಋಣವನ್ನು ನಾನು ಮರೆಯಲಾರೆ. ಹಾಗೆಯೇ ಆ ಮರವನ್ನು ತಮ್ಮ ಕಾಡಿನಲ್ಲಿ ಉಳಿಸಿಕೊಂಡು ಬಂದ ಆಂಡಿಸ್ ಜನರಿಗೆ ಇದರಿಂದ ಆದ ನಷ್ಟವನ್ನೂ ಮರೆಯಲಾರೆ.

ಇಂಗ್ಲೆಂಡಿನೊಳಗೆ ಇನ್ನೊಂದು ಬದಲಾವಣೆಯಾಯಿತು. ಗಾಜಿನ ಮೇಲಿನ ತೆರಿಗೆ 1845ರಲ್ಲಿ ರದ್ದಾಗಿ ಗಾಜು ಅಗ್ಗವಾಯಿತು. ಮಧ್ಯಮವರ್ಗದವರ ಮನೆಗಳ ನಡುಮನೆಯಲ್ಲಿ ಜರಿಗಿಡದ ಪೆಟ್ಟಿಗೆಗಳು ಬಂದು ಕುಳಿತವು. ಆ ಗೀಳು ಎಷ್ಟಿತ್ತೆಂದರೆ ಚಾರ್ಲ್ಸ್ ಕಿಂಗ್ಸ್‌ಲಿ ಎಂಬ ಲೇಖಕ 1855ರಲ್ಲಿ ಅದಕ್ಕೆ ‘ಟೆರಿಡೋಮೇನಿಯಾ’ ಎಂದೇ ಹೆಸರಿಟ್ಟ. ಜನ ಕಣಿವೆ ಕಣಿವೆ ಅಲೆದು ಗಿಡ ಕಿತ್ತರು, ಮಾರುವವರು ಬುಟ್ಟಿಗಟ್ಟಲೆ ಕಿತ್ತರು. ವಾರ್ಡ್‌ನ ಗಾಜಿನಲ್ಲಿ ಬದುಕಿ ಹೆಸರಾದ ಕಿಲಾರ್ನಿ ಜರಿಗಿಡ ತನ್ನ ತವರಿನ ಬಂಡೆಗಳಲ್ಲೇ ಅಳಿವಿನ ಅಂಚಿಗೆ ಬಂತು. ಸಮಾಧಾನ ಕೊಟ್ಟ ಗಿಡದ ನೆಲೆಯನ್ನೇ ಬರಿದು ಮಾಡುವ ಹವ್ಯಾಸ ಪ್ರೀತಿಯ ಹೆಸರಿಗೆ ತಕ್ಕುದಲ್ಲ.

ಇಷ್ಟರಲ್ಲಿ ಮರೆತುಹೋದದ್ದು ವಾರ್ಡ್‌ನ ಮೂಲ ಕಾಳಜಿ. 1842ರಲ್ಲಿ ಆತ ಬರೆದ ಪುಸ್ತಕದಲ್ಲಿ ಬಡವರ ಬಾಳಿಗೆ ಈ ಪೆಟ್ಟಿಗೆ ಹೇಗೆ ನೆರವಾದೀತು ಎಂದು ಹೇಳುವುದಕ್ಕೇ ಒಂದು ಅಧ್ಯಾಯವಿದೆ. ಆತ ದಿನವೂ ಕಾಣುತ್ತಿದ್ದದ್ದು ಗಾಳಿ ಬೆಳಕಿಲ್ಲದ ಕೋಣೆಗಳ ರೋಗಿಗಳನ್ನು. ದುಬಾರಿ ವಿದೇಶಿ ಗಿಡ ಬೇಡ, ಹತ್ತಿರದಲ್ಲಿ ಸುಲಭವಾಗಿ ಸಿಗುವ ಸಾಮಾನ್ಯ ಗಿಡ ಸಾಕು ಎಂಬುದು ಆತನ ನಿಲುವು. ಹಸಿರನ್ನು ನೋಡುವ ಸುಖ ಹಿತ್ತಲಿದ್ದವರಿಗೆ ಮಾತ್ರ ಮೀಸಲಾಗಬಾರದು ಎಂದು ನಂಬಿದ್ದ ವೈದ್ಯ ಆತ.

ಅದು ನಿಜವೆಂದು ನಾನು ಕಂಡದ್ದು ನಮ್ಮಮ್ಮನಿಂದ. ಕೊನೆಯ ವರ್ಷಗಳಲ್ಲಿ ಆಕೆ ಬೆಂಗಳೂರಿನ ನಮ್ಮ ಫ್ಲಾಟಿನಲ್ಲಿ ಹಾಸಿಗೆ ಹಿಡಿದಿದ್ದಳು. ಕಿಟಕಿಯಿಂದ ಕಾಣುತ್ತಿದ್ದದ್ದು ಎದುರು ಕಟ್ಟಡದ ಗೋಡೆ. ಊರಿನ ನೆನಪು ಬಂದರೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಒಂದು ಬಾಟಲಿಯನ್ನು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲಿಟ್ಟೆ. ಜರಿಗಿಡದ ಎಳೆ ಎಲೆ ಹುಟ್ಟುವುದೇ ಸುರುಳಿಯಾಗಿ, ಮೈತುಂಬ ಕಂದು ರೋಮ ಹೊತ್ತು. ಬುಡದಿಂದ ಸ್ವಲ್ಪ ಸ್ವಲ್ಪವೇ ಬಿಚ್ಚುತ್ತ ಪಕ್ಕದ ಕಿರುಎಲೆಗಳೂ ತಮ್ಮ ಸುರುಳಿ ಬಿಡಿಸಿಕೊಳ್ಳುತ್ತವೆ. ಬೆಳಗ್ಗೆ ಕಾಫಿ ಒಯ್ದರೆ ಅಮ್ಮನ ಮೊದಲ ಮಾತು, “ನೋಡೇ, ನಿನ್ನೆಗಿಂತ ಇವತ್ತು ಇಷ್ಟು ಬಿಚ್ಚಿದೆ.” ಆಮೇಲೆ ಊರಿನ ಬಾವಿ, ಧರೆ, ಆ ವರ್ಷದ ಮಳೆಯ ಮಾತು. ಕಾಯಿಲೆ ವಾಸಿಯಾಗಲಿಲ್ಲ. ಆದರೆ ನಾಳೆ ಬೆಳಗ್ಗೆ ಏನಾಗಿರುತ್ತದೆ ಎಂದು ಕಾಯುವುದಕ್ಕೆ ಒಂದು ಕಾರಣ ಸಿಕ್ಕಿತು. ಗಿಡ ಕೊಡುವ ನೆಮ್ಮದಿಯೆಂದರೆ ನನ್ನ ಮಟ್ಟಿಗೆ ಇದು: ನಮ್ಮ ಅವಸರಕ್ಕೆ ಬಗ್ಗದ ಒಂದು ಜೀವದ ಜೊತೆ ದಿನವೂ ಸ್ವಲ್ಪ ಹೊತ್ತು ಕಳೆಯುವುದು.

ಈಗ ಬೆಂಗಳೂರಿನ ನರ್ಸರಿಗಳಲ್ಲಿ ಗಾಜಿನೊಳಗಿನ ತೋಟ ದುಬಾರಿ ಉಡುಗೊರೆಯಾಗಿ ಮಾರಾಟವಾಗುತ್ತದೆ. ವಾರ್ಡ್ ಬಯಸಿದ್ದು ಅದನ್ನಲ್ಲ. ಖಾಲಿ ಬಾಟಲಿ ಎಲ್ಲರ ಮನೆಯಲ್ಲೂ ಇದೆ. ಜರಿಗಿಡಕ್ಕೆ ಆಗುಂಬೆಗೆ ಹೋಗಿ ಬಂಡೆ ಕೆರೆಯಬೇಕಾಗಿಲ್ಲ. ನಮ್ಮ ಬೀದಿಗಳಲ್ಲಿ ಪೈಪು ಸೋರುವ ಹಳೆಯ ಗೋಡೆಯ ಬಿರುಕಿನಲ್ಲಿ, ಮೋರಿಯ ಕಲ್ಲಿನ ಸಂದಿನಲ್ಲಿ ಅದು ತಾನಾಗಿ ಬೆಳೆದಿರುತ್ತದೆ, ಮುಂದಿನ ಸಲ ಸುಣ್ಣ ಬಳಿಯುವಾಗ ಕಿತ್ತೆಸೆಯುತ್ತಾರೆ. ಅದರಲ್ಲೊಂದನ್ನು ತಂದು ಒಂದೇ ಕೋಣೆಯ ಮನೆಯಲ್ಲಿ, ಸರ್ಕಾರಿ ಶಾಲೆಯ ಕಿಟಕಿಯಲ್ಲಿ, ಆಸ್ಪತ್ರೆಯ ಹೊರಗೆ ಗಂಟೆಗಟ್ಟಲೆ ಕಾಯುವವರ ಬೆಂಚಿನ ಬಳಿ ಇಡಬಹುದು. ಹಡಗು, ಚಹಾ, ರಬ್ಬರುಗಳ ಇತಿಹಾಸ ಬರೆದವರು ಬಹಳ ಮಂದಿ. ವಾರ್ಡ್‌ನ ಪುಸ್ತಕದ ಬಡವರ ಅಧ್ಯಾಯವನ್ನು ಜಾರಿಗೆ ತರುವ ಕೆಲಸ ಮಾತ್ರ ಇನ್ನೂ ಬಾಕಿ ಇದೆ, ಅದಕ್ಕೆ ಬೇಕಾದ ಬಂಡವಾಳ ಒಂದು ಹಿಡಿ ಮಣ್ಣು ಮತ್ತು ದಿನಕ್ಕೊಮ್ಮೆ ನಿಂತು ನೋಡುವ ಮನಸ್ಸು.