ಹೋಮ್‌ವರ್ಕ್ ಗ್ರಾಫಿನ ರಿಪೇರಿ ಮಾಡೋರು ಯಾರು?

📌 ಭಾಗ 1/6: ಅಚ್ಚಾಗದ ಚಿತ್ರ

ಬ್ರೇಕ್ ಈವನ್ ಚಾರ್ಟ್ ನಮಗೆಲ್ಲ ಗೊತ್ತು. ಖರ್ಚಿನ ಗೆರೆ ಒಂದು, ಮಾರಾಟದ ಗೆರೆ ಒಂದು, ಎರಡೂ ಸೇರೋ ಬಿಂದು ಒಂದು. ಪಠ್ಯಪುಸ್ತಕದಲ್ಲಿ ಒಮ್ಮೆ ಅಚ್ಚಾದ ಆ ಚಿತ್ರ ಇಪ್ಪತ್ತು ವರ್ಷ ಬಿಟ್ಟು ತೆಗೆದ್ರೂ ಹಾಗೇ ಇರುತ್ತೆ. ಪುಟ ಹಳದಿ ಆಗಿರಬಹುದು ಅಷ್ಟೇ.

ಆನ್‌ಲೈನ್ ಹೋಮ್‌ವರ್ಕ್‌ನಲ್ಲಿ ಬರೋ ಗ್ರಾಫಿಗೆ ಆ ಭಾಗ್ಯ ಇಲ್ಲ. ನೀವು ಪ್ರಶ್ನೆ ತೆರೆದಾಗ ಯಾವುದೋ ಕೋಡ್ ಕೂತು ಅದನ್ನು ಬಿಡಿಸಿಕೊಡುತ್ತೆ. ಆ ಕೋಡನ್ನ ಯಾರಾದ್ರೂ ನೋಡ್ಕೊಳ್ತಾ ಇದ್ರೆ ಮಾತ್ರ ನಾಳೆಯೂ ಬಿಡಿಸುತ್ತೆ.

ನಮ್ಮ ಇತಿಹಾಸ ಸರಣಿಯಲ್ಲಿ ಈ ಸಲ ರಾಜರಿಗೆ ರಜೆ. ವೆಬ್‌ವರ್ಕ್ ಅನ್ನೋ ಗಣಿತದ ಹೋಮ್‌ವರ್ಕ್ ಸಾಫ್ಟ್‌ವೇರ್‌ನಲ್ಲಿ ಗ್ರಾಫ್ ಬಿಡಿಸೋ ಕೆಲಸ ಸುಮಾರು ಮೂವತ್ತು ವರ್ಷ ಹೇಗೆ ನಿಲ್ಲದೆ ನಡೀತು ಅನ್ನೋದೇ ಈ ಸಲದ ಕಥೆ. 👉

📌 ಭಾಗ 2/6: ಒಬ್ಬೊಬ್ಬರಿಗೆ ಒಂದೊಂದು ಗ್ರಾಫ್

ಜಾಗ: ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯ. ಕಾಲ: 1990ರ ದಶಕದ ನಡುಭಾಗ. ಮೈಕೆಲ್ ಗೇಜ್ ಮತ್ತು ಆರ್ನಲ್ಡ್ ಪೈಜರ್ ಅನ್ನೋ ಇಬ್ಬರು ಗಣಿತ ಪ್ರಾಧ್ಯಾಪಕರು ವೆಬ್‌ವರ್ಕ್ ಕಟ್ಟಿದರು. ವಿದ್ಯಾರ್ಥಿ ಬ್ರೌಸರ್‌ನಲ್ಲಿ ಉತ್ತರ ಟೈಪ್ ಮಾಡ್ತಾನೆ, ಸರಿಯೋ ತಪ್ಪೋ ಅಂತ ಕೂಡಲೇ ಗೊತ್ತಾಗುತ್ತೆ. ನೋಟ್‌ಬುಕ್ ತಿದ್ದಿ ವಾಪಸ್ ಬರೋವರೆಗೆ ವಾರಗಟ್ಟಲೆ ಕಾಯಬೇಕಿಲ್ಲ.

ಇದರಲ್ಲಿ ಒಂದು ಮಜಾ ಇದೆ. ಪ್ರಶ್ನೆ ಒಂದೇ ಆದ್ರೂ ಪ್ರತಿಯೊಬ್ಬರಿಗೂ ಬೇರೆ ಬೇರೆ ಸಂಖ್ಯೆ ಬರುತ್ತೆ. ಪಕ್ಕದವನ ಉತ್ತರ ಕಾಪಿ ಹೊಡೆದ್ರೆ ಪ್ರಯೋಜನ ಇಲ್ಲ ಗುರು 😅

ಸಂಖ್ಯೆ ಬದಲಾದ್ರೆ ಗ್ರಾಫೂ ಬದಲಾಗಬೇಕಲ್ವಾ? ಹಾಗಾಗಿ ಮೊದಲೇ ಬಿಡಿಸಿಟ್ಟ ಚಿತ್ರ ಸಾಲಲ್ಲ, ಸರ್ವರೇ ಆಗಿಂದಾಗ್ಗೆ ಬಿಡಿಸಬೇಕು. ವೆಬ್‌ವರ್ಕ್ ಬರೆದಿದ್ದು ಪರ್ಲ್ ಭಾಷೆಯಲ್ಲಿ. ಚಿತ್ರಕ್ಕೆ ಅದು ನೆಚ್ಚಿಕೊಂಡಿದ್ದು ಥಾಮಸ್ ಬೌಟೆಲ್ ಬರೆದ ಜಿಡಿ ಅನ್ನೋ ಲೈಬ್ರರಿಯನ್ನ. ಅದನ್ನು ಪರ್ಲ್‌ನಿಂದ ಬಳಸೋ ಹಾಗೆ ಮಾಡಿದವರು ಲಿಂಕನ್ ಸ್ಟೈನ್. ಅಂದ್ರೆ ಮೊದಲ ದಿನದಿಂದಲೇ ಗ್ರಾಫ್ ನಿಂತಿದ್ದು ಬೇರೆಯವರ ಹೆಗಲ ಮೇಲೆ. ಆ ಹೆಗಲು ಸ್ವಲ್ಪ ಅಲುಗಾಡಿದ್ರೂ ಇಲ್ಲಿ ಗ್ರಾಫ್ ಬೀಳುತ್ತೆ.

📌 ಭಾಗ 3/6: ಪೇಟೆಂಟ್ ತಂದ ತಲೆನೋವು

ಆಗ ಇಂಟರ್‌ನೆಟ್‌ನಲ್ಲಿ ಚಿತ್ರ ಅಂದ್ರೆ ಹೆಚ್ಚಾಗಿ ಗಿಫ್. 1987ರಲ್ಲಿ ಕಾಂಪ್ಯುಸರ್ವ್ ಕಂಪನಿ ತಂದ ಈ ಫಾರ್ಮ್ಯಾಟ್ ಒಳಗೆ ಚಿತ್ರವನ್ನ ಕುಗ್ಗಿಸೋಕೆ ಎಲ್‌ಝಡ್‌ಡಬ್ಲ್ಯೂ ಅನ್ನೋ ವಿಧಾನ ಇತ್ತು. ಅದರ ಪೇಟೆಂಟ್ ಇದ್ದದ್ದು ಯೂನಿಸಿಸ್ ಕಂಪನಿ ಕೈಯಲ್ಲಿ. 1994ರ ಡಿಸೆಂಬರ್ ಕೊನೆಯಲ್ಲಿ ಸುದ್ದಿ ಹೊರಬಿತ್ತು: ಗಿಫ್ ತಯಾರಿಸೋ ಸಾಫ್ಟ್‌ವೇರ್‌ಗಳಿಗೆ ಲೈಸೆನ್ಸ್ ಬೇಕು, ಅದಕ್ಕೆ ದುಡ್ಡು ಕಟ್ಟಬೇಕು.

ಒಂದೇ ವಾರದಲ್ಲಿ, 1995ರ ಜನವರಿ 4ಕ್ಕೆ, ಪೇಟೆಂಟ್ ಕಾಟ ಇಲ್ಲದ ಹೊಸ ಫಾರ್ಮ್ಯಾಟಿನ ಕರಡು ಬಂತು. ಕಳಿಸಿದವರು ಯಾರು ಹೇಳಿ? ಅದೇ ಜಿಡಿಯ ಥಾಮಸ್ ಬೌಟೆಲ್! ಹಲವರು ಸೇರಿ ತಿದ್ದಿ ತೀಡಿದ ಮೇಲೆ ಅದೇ ಪಿಎನ್‌ಜಿ ಆಯ್ತು. ನಿಮ್ಮ ಫೋನಿನ ಸ್ಕ್ರೀನ್‌ಶಾಟ್‌ಗಳನ್ನ ನೋಡಿ, ಎಷ್ಟೋ ಫೈಲ್‌ಗಳ ಬಾಲದಲ್ಲಿ ಅದೇ ಹೆಸರಿದೆ.

1999ರಲ್ಲಿ ಜಿಡಿ ಲೈಬ್ರರಿ ಗಿಫ್ ಅನ್ನೇ ಕೈಬಿಟ್ಟು ಪಿಎನ್‌ಜಿಗೆ ಹೊರಳಿತು. ಅಮೆರಿಕದಲ್ಲಿ ಪೇಟೆಂಟ್ ಮುಗಿದಿದ್ದು 2003ರ ಜೂನ್‌ನಲ್ಲಿ. ಗಣಿತದಲ್ಲಿ ಒಂದಕ್ಷರ ಬದಲಾಗಿರಲಿಲ್ಲ, ಪ್ಯಾರಾಬೋಲಾ ಪ್ಯಾರಾಬೋಲಾನೇ. ಆದ್ರೂ ಯಾವುದೋ ಕಂಪನಿಯ ಹಕ್ಕುಪತ್ರದಿಂದಾಗಿ ಹೋಮ್‌ವರ್ಕ್ ಕೋಡಿಗೆ ಕೈ ಹಾಕಬೇಕಾಯ್ತು.

ಆ ಗುರುತು ವೆಬ್‌ವರ್ಕ್ ಕೋಡಿನಲ್ಲಿ ಬಹಳ ಕಾಲ ಉಳೀತು. ಸರ್ವರ್ ಬಿಡಿಸಿದ ಪಿಎನ್‌ಜಿ ಚಿತ್ರಗಳು ಹೋಗಿ ಕೂರ್ತಿದ್ದ ಫೋಲ್ಡರ್ ಹೆಸರು ಮಾತ್ರ 'ಗಿಫ್'! ಮಾವಿನ ಮರ ಕಡಿದು ಎಷ್ಟೋ ವರ್ಷ ಆದ್ರೂ ಬಸ್ ಸ್ಟಾಪಿಗೆ ಮಾವಿನಮರ ಅಂತಾನೇ ಹೆಸರಿರುತ್ತಲ್ಲ, ಹಾಗೆ.

📌 ಭಾಗ 4/6: ಬಾಗಿಲು ಮುಚ್ಚಿದ ಬ್ರೌಸರ್‌ಗಳು

ಸುಮ್ನೆ ನೋಡೋ ಗ್ರಾಫ್ ಸಾಕಾಗಲಿಲ್ಲ. ಎಳೆದಾಡೋ, ತಿರುಗಿಸೋ ಗ್ರಾಫ್ ಬೇಕು ಅಂತ ಮೇಷ್ಟ್ರುಗಳು ಪ್ರಶ್ನೆಗಳೊಳಗೆ ಜಾವಾ ಆಪ್ಲೆಟ್, ಫ್ಲ್ಯಾಶ್ ಆಪ್ಲೆಟ್ ಸೇರಿಸಿದರು. ಆ ಕಾಲಕ್ಕೆ ಅದೇ ಸರಿಯಾದ ದಾರಿ. ಬ್ರೌಸರ್‌ಗಳಲ್ಲೆಲ್ಲ ಅವು ಓಡ್ತಿದ್ವು.

ಆಮೇಲೆ ಒಂದೊಂದೇ ಬಾಗಿಲು ಮುಚ್ಚಿತು. 2015ರಲ್ಲಿ ಕ್ರೋಮ್ ಜಾವಾ ಪ್ಲಗಿನ್‌ಗೆ ಜಾಗ ಕೊಡೋದು ನಿಲ್ಲಿಸಿತು. 2017ರಲ್ಲಿ ಫೈರ್‌ಫಾಕ್ಸ್ ಕೂಡ. ಫ್ಲ್ಯಾಶ್‌ಗೆ ಅಡೋಬಿ ಕಂಪನಿಯೇ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು. ಸುರಕ್ಷತೆ ದೃಷ್ಟಿಯಿಂದ ಅದು ಬೇಕಾಗಿತ್ತು, ಒಪ್ಪೋಣ. ಆದ್ರೆ ಆ ಪ್ಲಗಿನ್‌ಗಳನ್ನೇ ನಂಬಿದ್ದ ಪ್ರಶ್ನೆಗಳ ಗತಿ? ಗ್ರಾಫ್ ಇರಬೇಕಾದ ಕಡೆ ಖಾಲಿ ಚೌಕ. ಕೆಳಗೆ 'ಮೇಲಿನ ಗ್ರಾಫ್ ನೋಡಿ ಉತ್ತರಿಸಿ' ಅನ್ನೋ ಸಾಲು ಮಾತ್ರ ಉಳೀತದೆ.

ವೆಬ್‌ವರ್ಕ್‌ಗೆ ಎಲ್ಲರೂ ಹಂಚಿಕೊಳ್ಳೋ ಒಂದು ಪ್ರಶ್ನೆ ಭಂಡಾರ ಇದೆ. ಬೇರೆ ಬೇರೆ ಕಾಲೇಜಿನ ಅಧ್ಯಾಪಕರು ಬರೆದ 20,000ಕ್ಕೂ ಹೆಚ್ಚು ಪ್ರಶ್ನೆಗಳು. ಕೆಲವನ್ನು ಬರೆದವರು ಈಗ ಆ ಕೆಲಸದಲ್ಲೇ ಇಲ್ಲದಿರಬಹುದು. ಹಳೇ ಕೋಡನ್ನ 'ಚೆನ್ನಾಗಿಲ್ಲ' ಅಂತ ಕಿತ್ತು ಬಿಸಾಕಿದ್ರೆ ಅದನ್ನ ನಂಬಿದ ಪ್ರಶ್ನೆಗಳೂ ಅದರ ಜೊತೆ ಹೋಗುತ್ವೆ. ಹಳೇ ಮನೆಯಲ್ಲಿ ಜನ ಇರುವಾಗಲೇ ತೊಲೆ ಬದಲಾಯಿಸೋ ಕೆಲಸ ಇದು.

📌 ಭಾಗ 5/6: ಸುಳ್ಳು ಹೇಳೋ ಗೆರೆ

'ಚಿತ್ರ ತಾನೇ, ಸ್ವಲ್ಪ ಆಚೆ ಈಚೆ ಆದ್ರೆ ಏನಾಯ್ತು?' ಅನ್ನೋರಿಗೆ ಈ ಭಾಗ.

ಕಂಪ್ಯೂಟರ್‌ಗೆ ವಕ್ರರೇಖೆ ಬಿಡಿಸೋಕೆ ನೇರವಾಗಿ ಬರಲ್ಲ. ಅಲ್ಲಲ್ಲಿ ಬಿಂದುಗಳನ್ನ ಲೆಕ್ಕ ಹಾಕಿ, ಪಕ್ಕಪಕ್ಕದ್ದನ್ನ ಗೆರೆ ಎಳೆದು ಸೇರಿಸುತ್ತೆ, ರಂಗೋಲಿ ಚುಕ್ಕಿ ಸೇರಿಸಿದ ಹಾಗೆ. ಈಗ y = 1/x ತಗೊಳ್ಳಿ. x = −0.1 ಆದಾಗ y = −10. x = 0.1 ಆದಾಗ y = 10. ನಡುವೆ ಸೊನ್ನೆಯಲ್ಲಿ ಬೆಲೆಯೇ ಇಲ್ಲ. ಆದ್ರೆ ಚುಕ್ಕಿ ಸೇರಿಸೋ ಕೋಡಿಗೆ ಅದು ಹೇಗೆ ಗೊತ್ತಾಗಬೇಕು? ಯಾರೂ ಹೇಳಿಕೊಡದಿದ್ರೆ ಕೆಳಗಿಂದ ಮೇಲಕ್ಕೆ ಸೀದಾ ಒಂದು ಗೆರೆ ಎಳೆದುಬಿಡುತ್ತೆ.

ಪ್ರಶ್ನೆ: 'ಈ ಗ್ರಾಫ್ ಎಲ್ಲಾದ್ರೂ ತುಂಡಾಗಿದೆಯಾ?' ಹುಡುಗಿ ಗ್ರಾಫ್ ನೋಡಿ 'ಇಲ್ಲ' ಅಂತಾಳೆ. ಸಾಫ್ಟ್‌ವೇರ್ 'ತಪ್ಪು' ಅನ್ನುತ್ತೆ. ಅವಳು ಕಂಡದ್ದನ್ನೇ ಹೇಳಿದ್ದು! ಮಾರ್ಕ್ಸ್ ಹೋಯ್ತು ಅನ್ನೋದು ಚಿಕ್ಕ ವಿಷಯ. 'ನಂಗೆ ಗಣಿತ ಬರಲ್ಲ' ಅಂತ ಅವಳು ತೀರ್ಮಾನ ಮಾಡಿಬಿಟ್ರೆ, ಅದನ್ನ ಯಾರು ತಿದ್ದುತ್ತಾರೆ?

ಇದರ ಜೊತೆಗೆ ಸಂಖ್ಯೆಗಳೂ ಬದಲಾಗ್ತಾ ಇರುತ್ವೆ. ಮೇಷ್ಟ್ರು ಪರೀಕ್ಷಿಸಿದ ಗ್ರಾಫ್ ಚೆನ್ನಾಗೇ ಇರುತ್ತೆ, ಯಾವನೋ ಒಬ್ಬನಿಗೆ ಬಂದ ಸಂಖ್ಯೆಗೆ ವಕ್ರರೇಖೆ ಚೌಕಟ್ಟಿನಿಂದಲೇ ಆಚೆ ಹೋಗಿರುತ್ತೆ. ಕಣ್ಣು ಕಾಣದವರಿಗೆ ಫೋನ್ ಓದಿ ಹೇಳಬೇಕಂದ್ರೆ ಚಿತ್ರದ ಜೊತೆ ವಿವರಣೆಯ ಸಾಲೂ ಬೇಕು. ಇವನ್ನೆಲ್ಲ ಯಾರೋ ಒಬ್ಬರು ಕೂತು ನೋಡಲೇಬೇಕು.

📌 ಭಾಗ 6/6: ಜರ್ನಲ್ ಒಂದು, ಲೆಡ್ಜರ್ ಹಲವು

ಇಷ್ಟು ಪೆಟ್ಟು ತಿಂದ ಮೇಲೆ ಕೋಡ್ ಬರೆಯೋರು ಕಂಡುಕೊಂಡ ದಾರಿ ನಮ್ಮ ಬಿಕಾಂ ಮಂದಿಗೆ ಸಲೀಸಾಗಿ ಅರ್ಥ ಆಗುತ್ತೆ.

ವ್ಯವಹಾರವನ್ನ ಜರ್ನಲ್‌ನಲ್ಲಿ ಒಮ್ಮೆ ಬರೀತೀವಿ. ಆಮೇಲೆ ಅದೇ ಲೆಡ್ಜರ್‌ಗೆ, ಟ್ರಯಲ್ ಬ್ಯಾಲೆನ್ಸ್‌ಗೆ, ಬ್ಯಾಲೆನ್ಸ್ ಶೀಟ್‌ಗೆ ಹೋಗುತ್ತೆ. ಶೀಟಿನ ನಮೂನೆ ಬದಲಾದ್ರೆ ಜರ್ನಲ್ ತಿದ್ದಬೇಕಿಲ್ಲ. ವೆಬ್‌ವರ್ಕ್‌ಗೆ ಇತ್ತೀಚಿನ ವರ್ಷಗಳಲ್ಲಿ ಬಂದ ಹೊಸ ಗ್ರಾಫ್ ಕೋಡ್ ಮಾಡೋದೂ ಇದನ್ನೇ. ಯಾವ ವಕ್ರರೇಖೆ, ಎಲ್ಲಿಂದ ಎಲ್ಲಿವರೆಗೆ, ಯಾವ ಬಣ್ಣ ಅಂತ ಮೇಷ್ಟ್ರು ಒಮ್ಮೆ ಬರೆದ್ರೆ ಸಾಕು. ಪರದೆಗೆ ಬೇಕಾದ್ರೆ ಜೆಎಸ್‌ಎಕ್ಸ್‌ಗ್ರಾಫ್ ಬಿಡಿಸುತ್ತೆ, ಅದು ಜರ್ಮನಿಯ ಬೈರಾಯ್ಟ್ ವಿಶ್ವವಿದ್ಯಾಲಯದ್ದು. ಕಾಗದಕ್ಕೆ ಬೇಕಾದ್ರೆ ಟಿಕ್‌ಝಡ್. ಮೊದಲು ಬಂದಾಗ ಹಳೇ ಜಿಡಿಗೂ ಅದರಲ್ಲಿ ಜಾಗ ಇಟ್ಟಿದ್ರು. ನಾಳೆ ಬಿಡಿಸೋ ಉಪಕರಣ ಸತ್ತರೂ ಪ್ರಶ್ನೆ ಬದುಕುತ್ತೆ.

ಕೊನೆಗೊಂದು ಅಕೌಂಟ್ಸ್ ಮಾತು. ಹೊಸ ಕಟ್ಟಡ ಕಟ್ಟಿದ್ರೆ ಅದು ಬಂಡವಾಳ ವೆಚ್ಚ, ಆಸ್ತಿ ಅಂತ ಬ್ಯಾಲೆನ್ಸ್ ಶೀಟ್ ಮೇಲೆ ಮೆರೆಯುತ್ತೆ. ಸೋರೋ ಸೂರು ರಿಪೇರಿ ಮಾಡಿಸಿದ್ರೆ ಅದು ಆದಾಯ ವೆಚ್ಚ, ಆ ವರ್ಷದ ಖರ್ಚಿನಲ್ಲಿ ಕರಗಿ ಹೋಗುತ್ತೆ. ಶಂಕುಸ್ಥಾಪನೆಗೆ ಕಲ್ಲು ಕೆತ್ತಿಸ್ತಾರೆ, ಹೆಂಚು ಹೊದಿಸಿದವನ ಹೆಸರನ್ನ ಯಾರೂ ಕೆತ್ತಿಸಲ್ಲ. ಸಾಫ್ಟ್‌ವೇರ್ ಇತಿಹಾಸದಲ್ಲೂ ಅಷ್ಟೇ, ಕಂಡುಹಿಡಿದವರ ಹೆಸರು ಉಳಿಯುತ್ತೆ. ಗ್ರಾಫ್ ಮಾತ್ರ ಉಳಿದಿರೋದು ಹೆಂಚು ಹೊದಿಸಿದವರಿಂದ.

ಕಂಪ್ಯೂಟರ್ ಸೈನ್ಸ್ ಓದ್ತಿರೋ ಫ್ರೆಂಡ್‌ಗೆ ಇದನ್ನ ಕಳಿಸಿ. ವೆಬ್‌ವರ್ಕ್ ಕೋಡ್ ಎಲ್ಲರಿಗೂ ತೆರೆದಿದೆ, ಯಾರು ಬೇಕಾದ್ರೂ ಓದಬಹುದು, ತಿದ್ದುಪಡಿ ಕಳಿಸಬಹುದು. ಹೊಸ ಆ್ಯಪ್ ಕಟ್ಟೋಕೆ ಮುಂಚೆ ಹಳೇದೊಂದರ ಸೂರು ಹತ್ತಿ ನೋಡೋದೂ ಒಳ್ಳೇ ಪಾಠವೇ. 🙏

#ಇತಿಹಾಸಸರಣಿ #ಬಿಕಾಂಬಳಗ #ಗ್ರಾಫ್‌ಕಥೆ #ಕನ್ನಡದಲ್ಲೇಓದಿ